ಬೆಳಗಿನ ಜಾವದ ಕರೆಯಲ್ಲಿ ಉಳಿಯುವವರು ಯಾರು?

ಶನಿವಾರ ಸಂಜೆ ಏಳರ ಹೊತ್ತಿಗೆ ಕಟಪಾಡಿಯ ಕಂಬಳಗದ್ದೆಗೆ ಹೋದವರಿಗೆ ಕಂಬಳದ ಜನಪ್ರಿಯತೆಯ ಬಗ್ಗೆ ಅನುಮಾನ ಹುಟ್ಟಲು ಸಾಧ್ಯವೇ ಇಲ್ಲ. ಹೆದ್ದಾರಿಯ ಬದಿಯಲ್ಲಿ ವಾಹನಗಳ ಸಾಲು, ಗದ್ದೆಯ ಸುತ್ತ ಹಗಲನ್ನು ನಾಚಿಸುವ ದೀಪಗಳು, ಚರುಮುರಿ ಅಂಗಡಿಯ ಮುಂದೆ ನೂಕುನುಗ್ಗಲು. ಕಾಪುವಿನಿಂದ, ಉಡುಪಿಯಿಂದ ಮಕ್ಕಳುಮರಿ ಸಮೇತ ಬಂದ ಸಂಸಾರಗಳು; ಮಣಿಪಾಲದಿಂದ ಸ್ಕೂಟರ್ ಏರಿ ಬಂದ, ಹಿಂದಿ ಮಾತಾಡುವ ವಿದ್ಯಾರ್ಥಿಗಳು. ಕೆಸರು ನೀರು ಚಿಮ್ಮಿದಾಗಲೆಲ್ಲ ನೂರಾರು ಮೊಬೈಲ್‌ಗಳು ಒಟ್ಟಿಗೆ ಮೇಲೇಳುತ್ತವೆ.

ಅದೇ ಗದ್ದೆಗೆ ರವಿವಾರ ಬೆಳಗಿನ ಜಾವ ಮೂರು ಗಂಟೆಗೆ ಹೋದರೆ ಚಿತ್ರ ಬೇರೆ. ಕರೆಯ ಎರಡೂ ದಡಗಳಲ್ಲಿ ಉಳಿದವರು ಕೋಣಗಳ ಯಜಮಾನರು, ಅವರ ಬಂಟರು, ಓಟಗಾರರು, ತೀರ್ಪುಗಾರರು, ಮೈಕಿನ ಮುಂದೆ ದನಿ ಬಿದ್ದುಹೋದ ಉದ್ಘೋಷಕರು. ಹೊದಿಕೆ ಹೊದ್ದು ಕುಳಿತ ಕೆಲವು ಹಿರಿಯರು ಇದ್ದರೆ ಪುಣ್ಯ. ವಿಚಿತ್ರವೆಂದರೆ ಕಂಬಳದ ನಿಜವಾದ ಜಿದ್ದು ಶುರುವಾಗುವುದು ಆ ಹೊತ್ತಿಗೆ. ಸೆಮಿಫೈನಲ್, ಫೈನಲ್‌ಗಳು ನಡೆಯುವುದು ಜನ ಮನೆಗೆ ಹೋದ ಮೇಲೆ.

ಕಂಬಳ ಮೊದಲಿನಂತಿಲ್ಲ ಎಂಬ ಮಾತು ತುಳುನಾಡಿನಲ್ಲಿ ಹೊಸತಲ್ಲ. ಯಕ್ಷಗಾನದ ಬಗ್ಗೆಯೂ, ಮಳೆಯ ಬಗ್ಗೆಯೂ, ಬಂಗುಡೆಯ ರುಚಿಯ ಬಗ್ಗೆಯೂ ಹಿರಿಯರು ಹೀಗೆಯೇ ಹೇಳುತ್ತ ಬಂದಿದ್ದಾರೆ. ಆದುದರಿಂದ ಅದನ್ನು ಅರ್ಧಕ್ಕೆ ಇಳಿಸಿ ಕೇಳುವುದು ಒಳ್ಳೆಯದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಂಜೆ ಬಂದು ಹತ್ತಕ್ಕೆ ಹೊರಡುವವರ ಸಂಖ್ಯೆ ಏರುತ್ತಿರುವಾಗಲೇ, ಬೆಳಗಿನವರೆಗೆ ಕೂತು ನೋಡುವ ಪಳಗಿದ ಪ್ರೇಕ್ಷಕರು ಕರಗುತ್ತಿದ್ದಾರೆಯೇ? ಹೌದು ಎಂದಾದರೆ ಅದರ ಕಾರಣ ಇಂದು ನಿನ್ನೆಯದಲ್ಲ, ಕಂಬಳದ ಇತಿಹಾಸದೊಳಗೇ ಇದೆ.

ಗದ್ದೆ ಮೊದಲು, ಓಟ ಆಮೇಲೆ

ಕರಾವಳಿಯಲ್ಲಿ ಏಣೆಲು ಬೆಳೆಯ ಕೊಯ್ಲು ಮುಗಿದು, ಸುಗ್ಗಿ ಬೆಳೆಗೆ ಗದ್ದೆ ಹದ ಮಾಡುವ ಕಾಲವೇ ಕಂಬಳದ ಕಾಲ. ನವೆಂಬರ್‌ನಿಂದ ಮಾರ್ಚ್-ಏಪ್ರಿಲ್‌ವರೆಗೆ. ಊರಿನ ಗುತ್ತು, ಬೀಡು ಅಥವಾ ದೇವಸ್ಥಾನಕ್ಕೆ ಸೇರಿದ ದೊಡ್ಡ ಗದ್ದೆಯೊಂದು ‘ಕಂಬಳಗದ್ದೆ’. ಊರಿನ ಒಕ್ಕಲುಗಳೆಲ್ಲ ತಮ್ಮ ಕೋಣಗಳನ್ನು ತಂದು ಅಲ್ಲಿ ಇಳಿಸಬೇಕು. ಗದ್ದೆಯ ನಡುವೆ ಹೂವಿನಿಂದ ಸಿಂಗರಿಸಿದ ‘ಪೂಕರೆ’ ಕಂಬ ನಿಲ್ಲಿಸುವುದು, ದೈವಕ್ಕೆ, ನಾಗನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು, ಬಳಿಕ ಕೋಣಗಳನ್ನು ಓಡಿಸುವುದು ಕ್ರಮ. ಓಟದಲ್ಲಿ ಗೆದ್ದವರಿಗೆ ಸಿಗುತ್ತಿದ್ದುದು ತೆಂಗಿನಕಾಯಿ, ಬಾಳೆಗೊನೆ. ಮಂಗಳೂರಿನ ಕದ್ರಿ ಕಂಬಳಕ್ಕೆ ‘ಅರಸು ಕಂಬಳ’ ಎಂಬ ಹೆಸರಿದ್ದುದು, ಮೂಲ್ಕಿ ಸೀಮೆಯಲ್ಲಿ ಇಂದಿಗೂ ಆ ಹೆಸರೇ ನಡೆಯುತ್ತಿರುವುದು ಈ ಆಚರಣೆಗೂ ಊರಿನ ಅಧಿಕಾರಕ್ಕೂ ಇದ್ದ ನಂಟನ್ನು ತಿಳಿಸುತ್ತದೆ.

ಈ ನಂಟಿಗೆ ಕರಾಳ ಮುಖವೂ ಇತ್ತು. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಚಳಿಯಲ್ಲಿ, ಬಯಲಿನಲ್ಲಿ ಡೋಲು ಬಾರಿಸುತ್ತ ಕಾವಲು ಕೂರಬೇಕಿತ್ತು. ತುಳುವಿನಲ್ಲಿ ಇದಕ್ಕೆ ‘ಪನಿ ಕುಲ್ಲುನಿ’ ಎನ್ನುತ್ತಾರೆ. ಇಬ್ಬನಿಯಲ್ಲಿ ಕೂರುವುದು ಎಂದು ಅರ್ಥ. ಕೋಣ ಇಳಿಯುವ ಮೊದಲು ಅವರನ್ನು ಗದ್ದೆಯಲ್ಲಿ ಓಡಿಸುವ ಪದ್ಧತಿಯೂ ಇತ್ತು. ಮನುಷ್ಯರನ್ನು ಮನುಷ್ಯರಂತೆ ಕಾಣದ ಇಂಥ ‘ಅಜಲು’ ಪದ್ಧತಿಯನ್ನು ಕರ್ನಾಟಕ ಸರಕಾರ 2000ದಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಹಳೆಯ ಕಂಬಳವನ್ನು ಹೊಗಳುವವರು ಈ ಭಾಗವನ್ನು ಹಾರಿಸಿಬಿಡುವುದುಂಟು. ಆಗ ಇಡೀ ಊರು ಸೇರುತ್ತಿತ್ತು ಎಂಬುದು ನಿಜ. ಸೇರಿದವರಲ್ಲಿ ಇಷ್ಟಪಟ್ಟು ಬಂದವರು ಎಷ್ಟು, ಬಾರದೆ ಗತ್ಯಂತರವಿಲ್ಲದವರು ಎಷ್ಟು ಎಂಬುದು ಬೇರೆ ಮಾತು.

ಕಟ್ಟು ಸಡಿಲಿಸಿದ ಕಾನೂನು

ಈ ಕಟ್ಟು ಕಳಚಿದ್ದು 1974ರಲ್ಲಿ. ಆ ವರ್ಷದ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆ ದಕ್ಷಿಣ ಕನ್ನಡದಷ್ಟು ಆಳವಾಗಿ ಬದಲಿಸಿದ ಜಿಲ್ಲೆಗಳು ಕಡಿಮೆ. (ಉಡುಪಿ ಆಗ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ಆದದ್ದು 1997ರಲ್ಲಿ.) ಉಳುವವನೇ ಹೊಲದೊಡೆಯನಾದ. ಗುತ್ತಿನ ಮನೆಗಳ ಗೇಣಿಭೂಮಿ ಕೈಬಿಟ್ಟಿತು. ಒಕ್ಕಲಿನ ಮೇಲೆ ಕಂಬಳಕ್ಕೆ ಬಾ ಎಂದು ಹೇಳುವ ಹಕ್ಕು ಯಾರಿಗೂ ಉಳಿಯಲಿಲ್ಲ. ಅನೇಕ ಕಡೆ ಕಂಬಳಗಳು ನಿಂತುಹೋದುದಕ್ಕೆ ಇದು ಮುಖ್ಯ ಕಾರಣ.

ಆದರೆ ಕಂಬಳ ಸಾಯಲಿಲ್ಲ. ಗುತ್ತಿನ ಜಾಗಕ್ಕೆ ಸಮಿತಿ ಬಂತು. ಒಂದು ಕರೆಯ ಬದಲು ಎರಡು ಕರೆ ಬಂತು. ಎರಡು ಜೋಡಿಗಳು ಏಕಕಾಲಕ್ಕೆ ಓಡುವ ‘ಜೋಡುಕರೆ ಕಂಬಳ’ವೇ ಇಂದು ಪತ್ರಿಕೆಗಳಲ್ಲಿ, ಟಿವಿಯಲ್ಲಿ ಕಾಣುವ ಕಂಬಳ. ಕರೆಗಳಿಗೆ ಜೋಡಿ ಹೆಸರುಗಳು ಬಂದವು: ಕಾರ್ಕಳದ ಬಳಿಯ ಮಿಯ್ಯಾರಿನಲ್ಲಿ ಲವ-ಕುಶ, ಬಾರಾಡಿಬೀಡಿನಲ್ಲಿ ಸೂರ್ಯ-ಚಂದ್ರ, ಮೂಡಬಿದಿರೆಯಲ್ಲಿ ಕೋಟಿ-ಚೆನ್ನಯ, ಕಟಪಾಡಿಯಲ್ಲಿ ಮೂಡು-ಪಡು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಾದವು. ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂಬ ಒಳವಿಭಾಗ. ಬಾಳೆಗೊನೆಯ ಜಾಗಕ್ಕೆ ಚಿನ್ನದ ಪದಕ ಬಂತು. ಹೀಗೆ ಆಚರಣೆಯಾಗಿದ್ದುದು ಸ್ಪರ್ಧೆಯಾಯಿತು. ಸ್ಪರ್ಧೆಗೆ ಬೇಕಾದುದು ಒಕ್ಕಲುಗಳಲ್ಲ, ಪ್ರೇಕ್ಷಕರು.

ಮೊದಲ ತಲೆಮಾರಿನ ಪ್ರೇಕ್ಷಕರನ್ನು ಯಾರೂ ಹುಡುಕಿ ತರಬೇಕಾಗಿರಲಿಲ್ಲ. ಅವರೆಲ್ಲ ಕೋಣ ಕಟ್ಟಿ ಉತ್ತವರು. ನೊಗದ ಬಲಗಡೆ ಯಾವುದು ಸಲ್ಲುತ್ತದೆ, ಎಡಗಡೆ ಯಾವುದು, ಎಳೆಯ ಕೋಣ ಎಲ್ಲಿ ಬೆದರುತ್ತದೆ, ಗಂತಿನಲ್ಲಿ ಬಿಟ್ಟ ಜೋಡಿ ನಡುಕರೆಯಲ್ಲಿ ಏಕೆ ಹಿಂದೆ ಬಿತ್ತು ಎಂಬುದೆಲ್ಲ ಅವರಿಗೆ ಸ್ವಂತ ಗದ್ದೆಯ ಅನುಭವ. ಯಜಮಾನನಿಗೂ ಪ್ರೇಕ್ಷಕನಿಗೂ ನಡುವೆ ಇದ್ದ ವ್ಯತ್ಯಾಸ ಹಣದ್ದು ಮಾತ್ರ, ತಿಳಿವಳಿಕೆಯದಲ್ಲ. ಅಂಥವರು ಇಡೀ ರಾತ್ರಿ ಕೂತದ್ದರಲ್ಲಿ ಆಶ್ಚರ್ಯವಿಲ್ಲ.

ಮುಂದೆ ಪವರ್ ಟಿಲ್ಲರ್ ಬಂತು. ಗದ್ದೆಗಳು ಅಡಿಕೆ ತೋಟಗಳಾದವು. ಪೇಟೆಯ ಅಂಚಿನವು ಮನೆ ನಿವೇಶನಗಳಾದವು. ಮಕ್ಕಳು ಮುಂಬಯಿಗೆ, ಬೆಂಗಳೂರಿಗೆ, ಕೊಲ್ಲಿ ನಾಡುಗಳಿಗೆ ಹೋದರು. ಹಟ್ಟಿಯಲ್ಲಿ ಉಳುವ ಕೋಣಗಳೇ ಇಲ್ಲವಾದವು. ಇಂದು ಓಟದ ಕೋಣವನ್ನು ಸಾಕುವುದು ಬೇರೆಯೇ ಒಂದು ಉದ್ಯೋಗ: ಹುರುಳಿ, ಎಣ್ಣೆ ತಿಕ್ಕುವುದು, ಈಜಿಸುವುದು, ಜೋಡಿಯೊಂದಕ್ಕೆ ಆಳುಗಳು, ಕರೆಯಿಂದ ಕರೆಗೆ ಲಾರಿಯ ಪ್ರಯಾಣ. ವರ್ಷದ ಖರ್ಚು ಸಾಮಾನ್ಯ ರೈತನ ಕೈಗೆ ಎಟುಕುವಂಥದ್ದಲ್ಲ. ಗೆದ್ದು ಬರುವ ಪದಕದ ಚಿನ್ನ ಆ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ಗೌರವಕ್ಕಾಗಿ ಸಾಕುವವರು ಸಾಕುತ್ತಾರೆ. ಅವರು ಇಲ್ಲದಿದ್ದರೆ ಕಂಬಳವೇ ಇರುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಅಮೆರಿಕದಲ್ಲೊಂದು ‘ಕಂಬಳ’

ಸಾವಿರಾರು ಮೈಲಿ ಆಚೆ, ಕೋಣವೂ ಇಲ್ಲದ, ಕೆಸರೂ ಇಲ್ಲದ ಇನ್ನೊಂದು ಓಟಕ್ಕೆ ಇದೇ ಗತಿ ಬಂದಿರುವುದು ಕುತೂಹಲದ ಸಂಗತಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹುಟ್ಟಿದ ‘ಸ್ಟಾಕ್ ಕಾರ್’ ಓಟ ಮೂಲತಃ ಹಳ್ಳಿಗರ ಆಟ. ಸ್ಟಾಕ್ ಕಾರ್ ಎಂದರೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಕಾರು. ಪೊಲೀಸರ ಕಣ್ಣು ತಪ್ಪಿಸಿ ಕಳ್ಳಬಟ್ಟಿ ಸಾಗಿಸುತ್ತಿದ್ದ ಚಾಲಕರು ಬಿಡುವಿನ ದಿನ ಮಣ್ಣಿನ ಹಾದಿಯಲ್ಲಿ ಪಂಥ ಕಟ್ಟುತ್ತಿದ್ದರು. 1948ರಲ್ಲಿ ಬಿಲ್ ಫ್ರಾನ್ಸ್ ಎಂಬವರು ಫ್ಲಾರಿಡಾದ ಡೇಟೋನಾದಲ್ಲಿ ಇದಕ್ಕೊಂದು ಸಂಸ್ಥೆ ಕಟ್ಟಿದರು. ಅದೇ ನಾಸ್ಕಾರ್. 1979ರಲ್ಲಿ ಡೇಟೋನಾ 500 ಮೈಲಿ ಓಟವನ್ನು ಟಿವಿ ಮೊದಲಿನಿಂದ ಕೊನೆಯವರೆಗೆ ನೇರವಾಗಿ ತೋರಿಸಿದ ಮೇಲೆ ಇಡೀ ದೇಶ ನೋಡತೊಡಗಿತು.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದ ನಡುಭಾಗದಿಂದ ಅಲ್ಲಿಯ ಪ್ರೇಕ್ಷಕರು ಕಡಿಮೆಯಾಗತೊಡಗಿದರು. ಹಲವು ಓಟದಂಗಳಗಳಲ್ಲಿ ಖಾಲಿ ಆಸನಗಳನ್ನು ಕಿತ್ತುಹಾಕಬೇಕಾಯಿತು. ಡೇಟೋನಾ ಅಂಗಳವನ್ನೇ 2016ರ ವೇಳೆಗೆ ನವೀಕರಿಸಿದಾಗ ಆಸನಗಳ ಸಂಖ್ಯೆಯನ್ನು ಸುಮಾರು ಒಂದು ಲಕ್ಷಕ್ಕೆ ಇಳಿಸಲಾಯಿತು. ಕಾರಣ ಹುಡುಕಿದವರು ಹತ್ತು ಹೇಳುತ್ತಾರೆ. 2001ರಲ್ಲಿ ಜನಪ್ರಿಯ ಚಾಲಕ ಡೇಲ್ ಅರ್ನ್‌ಹಾರ್ಟ್ ಓಟದಲ್ಲೇ ಸತ್ತರು. 2004ರಲ್ಲಿ ಚಾಂಪಿಯನ್ ಆಯ್ಕೆಯ ನಿಯಮ ಬದಲಾಯಿತು, ಆಮೇಲೆ ಮತ್ತೆ ಮತ್ತೆ ಬದಲಾಯಿತು. 2017ರಲ್ಲಿ ಒಂದೇ ಓಟವನ್ನು ತುಂಡು ತುಂಡು ಹಂತಗಳಾಗಿ ಒಡೆದರು. ಉತ್ತರ ಕೆರೊಲಿನಾದ ನಾರ್ತ್ ವಿಲ್ಕ್ಸ್‌ಬರೋದಂಥ ಹಳೆಯ ಹಳ್ಳಿ ಅಂಗಳಗಳನ್ನು 1996ರಲ್ಲಿ ಕೈಬಿಟ್ಟು ದೊಡ್ಡ ನಗರಗಳ ಕಡೆ ಹೋದರು. ಎಲ್ಲಕ್ಕಿಂತ ಮುಖ್ಯವಾಗಿ, ಓಡುವ ಕಾರಿಗೂ ಪ್ರೇಕ್ಷಕನ ಮನೆಯ ಕಾರಿಗೂ ಹೆಸರೊಂದನ್ನು ಬಿಟ್ಟರೆ ಸಂಬಂಧ ಉಳಿಯಲಿಲ್ಲ. 2007ರಲ್ಲಿ ಬಂದ ಹೊಸ ಮಾದರಿಯಲ್ಲಂತೂ ಎಲ್ಲ ಕಂಪೆನಿಗಳ ಕಾರೂ ಒಂದೇ ಅಚ್ಚಿನವು. ಮುಂದಿನ ದೀಪ ಕೂಡ ದೀಪವಲ್ಲ, ಅಂಟಿಸಿದ ಚಿತ್ರ! ಫೋರ್ಡ್ ಇಟ್ಟುಕೊಂಡವನು ಫೋರ್ಡ್ ಗೆಲ್ಲಲಿ ಎಂದು ಕೂಗುವುದಕ್ಕೆ ಅರ್ಥವೇ ಉಳಿಯಲಿಲ್ಲ.

ಕೋಣದ ಕಥೆಯೂ ಇದೇ ತಾನೇ? ವಾರವಿಡೀ ತನ್ನ ಕೈಯಲ್ಲಿ ಕೆಲಸ ಮಾಡಿದ ಪ್ರಾಣಿ ರಜೆಯ ದಿನ ಓಡುವುದನ್ನು ನೋಡುವವನ ಆಸಕ್ತಿ ಒಂದು ಬಗೆಯದು. ಎಂದೂ ಮುಟ್ಟಿ ಅರಿಯದ ಪ್ರಾಣಿಯ ಓಟವನ್ನು ನೋಡುವವನ ಆಸಕ್ತಿ ಇನ್ನೊಂದು ಬಗೆಯದು. ಎರಡನೆಯದು ಸುಳ್ಳಲ್ಲ. ಆದರೆ ಅದಕ್ಕೆ ಆಯಸ್ಸು ಕಡಿಮೆ. ಹತ್ತು ಓಟ ನೋಡಿದ ಮೇಲೆ ಹನ್ನೊಂದನೆಯದು ಹಾಗೆಯೇ ಕಾಣುತ್ತದೆ.

ಇಪ್ಪತ್ತನಾಲ್ಕು ಗಂಟೆಯ ಲೆಕ್ಕ

ಈ ಹೊಸ ಪ್ರೇಕ್ಷಕನ ತಾಳ್ಮೆಯನ್ನು ಕಂಬಳ ಬಹಳವಾಗಿ ಪರೀಕ್ಷಿಸುತ್ತದೆ. ದೊಡ್ಡ ಕಂಬಳಕ್ಕೆ ನೂರೈವತ್ತು ಜೋಡಿ ಬರುವುದು ಈಗ ಸಾಮಾನ್ಯ, ಇನ್ನೂರನ್ನು ಮುಟ್ಟುವುದೂ ಉಂಟು. ಆರು ವಿಭಾಗಗಳಲ್ಲಿ ನೂರೈವತ್ತು ಜೋಡಿ, ಒಮ್ಮೆ ಸೋತವರು ಹೊರಗೆ ಎಂದು ಇಟ್ಟುಕೊಂಡರೂ 144 ಓಟಗಳಾಗಬೇಕು. ಒಂದಕ್ಕೆ ಹತ್ತು ನಿಮಿಷ ಹಿಡಿದರೆ ಸರಿಯಾಗಿ ಇಪ್ಪತ್ತನಾಲ್ಕು ಗಂಟೆ. ಕೋಣಗಳು ಕರೆ ದಾಟಲು ಬೇಕಾಗುವುದು ಹನ್ನೆರಡು-ಹದಿನಾಲ್ಕು ಸೆಕೆಂಡು. ಉಳಿದದ್ದೆಲ್ಲ ಗಂತಿನಲ್ಲಿ ಕಳೆಯುವ ಹೊತ್ತು. ಒಂದು ಜೋಡಿ ಸರಿಯಾಗಿ ನಿಂತಾಗ ಇನ್ನೊಂದು ತಿರುಗಿ ನಿಲ್ಲುತ್ತದೆ. ಅದು ನಿಂತಾಗ ಇದು ಹಿಂದೆ ಸರಿಯುತ್ತದೆ. ಕೋಣದ ತಪ್ಪೇನೂ ಅಲ್ಲ. ಎದುರಾಳಿಯನ್ನು ದಣಿಸಲು ಬೇಕೆಂದೇ ತಡ ಮಾಡುತ್ತಾರೆ ಎಂಬ ದೂರಂತೂ ಕರೆಯ ಬದಿಯಲ್ಲಿ ಸದಾ ಕೇಳಿಬರುತ್ತದೆ.

ಜಿಲ್ಲಾ ಕಂಬಳ ಸಮಿತಿಗೆ ಇದು ಗೊತ್ತಿಲ್ಲದೆ ಇಲ್ಲ. ಮಂಜೊಟ್ಟಿಯಲ್ಲಿ ಲೇಸರ್ ಕಿರಣದ ಸಾಧನ, ವೀಡಿಯೊ ತೀರ್ಪು ಬಂದು ಗೆಲುವಿನ ಬಗೆಗಿನ ಜಗಳ ತಗ್ಗಿತು. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕೆಂದು ನಿಯಮವನ್ನೂ ಮಾಡಿಕೊಂಡರು. ಆದರೆ ಶಿಸ್ತನ್ನು ಗಂತಿಗೆ ತರುವುದು ಯಂತ್ರ ತಂದಷ್ಟು ಸುಲಭವಲ್ಲ. ಜೊತೆಗೆ ಯೂಟ್ಯೂಬ್‌ನಲ್ಲಿ ಇಡೀ ಕಂಬಳ ನೇರವಾಗಿ ಬರುತ್ತದೆ. ಕರೆಯಲ್ಲಿ ಏನಾಯಿತೆಂದು ತಿಳಿಯಲು ದುಬೈಯಲ್ಲಿರುವವನಿಗೂ ಸಾಧ್ಯ. ಹಾಗಿರುವಾಗ ಕಾರ್ಕಳದವನು ಚಳಿಯಲ್ಲಿ ಏಕೆ ನಿಲ್ಲಬೇಕು?

ನ್ಯಾಯಾಲಯ, ಬೋಲ್ಟ್, ಬೆಂಗಳೂರು

ಇಷ್ಟೆಲ್ಲ ಆದರೂ ಕಂಬಳಕ್ಕೆ ಹಿಂದೆಂದೂ ಇಲ್ಲದ ಹೆಸರು ಬಂದುದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲೇ. ಅದಕ್ಕೆ ಒಂದು ಕಾರಣ ನಿಷೇಧ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. ಪ್ರಾಣಿದಯಾ ಸಂಸ್ಥೆ ಪೆಟಾದ ಅರ್ಜಿಯ ಮೇರೆಗೆ 2016ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ತಡೆ ನೀಡಿತು. ಮರುವರ್ಷದ ಜನವರಿಯಲ್ಲಿ ಚೆನ್ನೈಯ ಮರೀನಾ ಕಡಲತೀರದಲ್ಲಿ ಜಲ್ಲಿಕಟ್ಟಿಗಾಗಿ ಜನ ಸೇರಿದಾಗ, ಇತ್ತ ಮಂಗಳೂರು, ಮೂಡಬಿದಿರೆಗಳಲ್ಲಿ ಕಂಬಳದ ಪರ ಪ್ರತಿಭಟನೆ ನಡೆಯಿತು. ಅದುವರೆಗೆ ಕಂಬಳದ ಕಡೆ ತಲೆಹಾಕದವರೂ ಬೀದಿಗೆ ಬಂದರು. 2017ರ ಫೆಬ್ರವರಿಯಲ್ಲಿ ವಿಧಾನಸಭೆ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಅದೇ ಜುಲೈಯಲ್ಲಿ ಸುಗ್ರೀವಾಜ್ಞೆ ಬಂತು. ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಹಿಂಸೆಯ ಆಕ್ಷೇಪ ತಿರುಳಿಲ್ಲದ್ದೇನೂ ಆಗಿರಲಿಲ್ಲ. ಬೆತ್ತದ ಬಳಕೆಯ ಮೇಲೆ ಈಗಿರುವ ಕಟ್ಟುಪಾಡುಗಳಿಗೆ ಆ ಮೊಕದ್ದಮೆಗಳೇ ಕಾರಣ.

ಎರಡನೆಯದು 2020. ಆ ವರ್ಷದ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58! ದೇಶವೇ ಕುಣಿಯಿತು. ಎರಡೇ ವಾರಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದನ್ನೂ ಮೀರಿಸಿದರು. ಕೇಂದ್ರ ಕ್ರೀಡಾ ಸಚಿವರು ಗೌಡರನ್ನು ಪರೀಕ್ಷೆಗೆ ಆಹ್ವಾನಿಸಿದರು. ಗೌಡರು ನಯವಾಗಿ ಒಲ್ಲೆ ಎಂದರು. ತಾನು ಓಡುವುದು ಕೋಣಗಳ ಜೊತೆ ಎಂಬುದು ಅವರಿಗೆ ಸಚಿವರಿಗಿಂತ ಚೆನ್ನಾಗಿ ಗೊತ್ತಿತ್ತು. ಬೋಲ್ಟ್ ನಿಂತಲ್ಲಿಂದ ತನ್ನ ಕಾಲಿನ ಬಲದಲ್ಲಿ ಹೊರಟವನು. ಕಂಬಳದ ಓಟಗಾರನನ್ನು ಎರಡು ಕೋಣಗಳು ಎಳೆಯುತ್ತವೆ. ಬೀಳದೆ, ಹಗ್ಗ ಬಿಡದೆ, ಕೆಸರಿನಲ್ಲಿ ಅವುಗಳ ಹೆಜ್ಜೆಗೆ ಹೆಜ್ಜೆ ಕೂಡಿಸುವುದು ಅವನ ಕಸುಬು. ಬೋಲ್ಟ್ ಅದನ್ನು ಮಾಡಬಲ್ಲನೇ ಎಂಬ ಪ್ರಶ್ನೆಯನ್ನು ಯಾಕೋ ಯಾರೂ ಕೇಳಲಿಲ್ಲ.

2022ರ ‘ಕಾಂತಾರ’ ಚಿತ್ರ ಕಂಬಳವನ್ನು ದೇಶದ ಎಲ್ಲ ಭಾಷೆಯವರ ಮುಂದಿಟ್ಟಿತು. 2023ರ ನವೆಂಬರ್ 25, 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ ತೋಡಿ, ಘಟ್ಟ ಹತ್ತಿಸಿ ತಂದ ಕೋಣಗಳನ್ನು ಓಡಿಸಲಾಯಿತು. ರಾಜಧಾನಿಯ ಮೊದಲ ಕಂಬಳಕ್ಕೆ ಭಾರೀ ಜನ ಸೇರಿದರು. ಅದೇ ವರ್ಷದ ಜುಲೈಯಲ್ಲಿ ನಾಸ್ಕಾರ್ ಶಿಕಾಗೋ ಪೇಟೆಯ ಬೀದಿಗಳಲ್ಲಿ ಕಾರು ಓಡಿಸಿತ್ತು. ಮೂರು ವರ್ಷ ನಡೆಸಿ ನಿಲ್ಲಿಸಿತು. ಅದಕ್ಕಿಂತ ಕುತೂಹಲದ್ದು, ಕೈಬಿಟ್ಟಿದ್ದ ನಾರ್ತ್ ವಿಲ್ಕ್ಸ್‌ಬರೋದ ಹಳ್ಳಿ ಅಂಗಳಕ್ಕೂ ಅದು 2023ರಲ್ಲೇ ಮರಳಿತು. ಹಳೆಯ ಅಭಿಮಾನಿಗಳು ಅಲ್ಲಿಗೆ ಸಂಭ್ರಮದಿಂದ ಬಂದರು.

ಮಿತಿ ಯಾರಿಗೆ?

ಕಂಬಳದ ಓಟಗಾರರ ಹೊಸ ತಲೆಮಾರನ್ನು ಸಿದ್ಧಗೊಳಿಸುವ ಕೆಲಸ ಮಿಯ್ಯಾರಿನ ಕಂಬಳ ಅಕಾಡೆಮಿಯಲ್ಲಿ ನಡೆದಿದೆ. ಶ್ರೀನಿವಾಸ ಗೌಡರು ಕೂಡ ಅಲ್ಲಿ ಪಳಗಿದವರು. ಪ್ರೇಕ್ಷಕರನ್ನು ತಯಾರು ಮಾಡುವ ಅಕಾಡೆಮಿ ಎಲ್ಲಿಯೂ ಇಲ್ಲ. ಆದುದರಿಂದ ಕಂಬಳವನ್ನೇ ಚಿಕ್ಕದು ಮಾಡಿ, ಜೋಡಿಗಳಿಗೆ ಮಿತಿ ಹಾಕಿ ಎಂಬ ಸಲಹೆ ಆಗಾಗ ಬರುತ್ತದೆ. ಕೇಳಲು ಸರಿಯಾಗಿದೆ. ಆದರೆ ಮಿತಿ ಹಾಕಿದರೆ ಮೊದಲು ಹೊರಬೀಳುವವರು ಯಾರು? ಹತ್ತಾರು ಪದಕ ಗೆದ್ದ ಮನೆಗಳ ಜೋಡಿಗಳಂತೂ ಅಲ್ಲ. ಒಂದೇ ಜೋಡಿ ಸಾಕಿ, ಒಂದು ಸುತ್ತಾದರೂ ಗೆಲ್ಲೋಣ ಎಂದು ಸಾಲ ಮಾಡಿ ಲಾರಿ ಹತ್ತಿಸಿ ತಂದ ಸಣ್ಣ ರೈತ. ಬೆಳಗಿನ ಜಾವ ಕರೆಯ ದಡದಲ್ಲಿ ಉಳಿಯುವ ಕೆಲವೇ ಜನರಲ್ಲಿ ಅವನೂ ಒಬ್ಬ, ಅವನ ಊರಿನ ನಾಲ್ಕೈದು ಮಂದಿಯೂ ಸೇರಿದ್ದಾರೆ. ಅವನನ್ನು ಕಳೆದುಕೊಂಡರೆ ಓಟ ಬೇಗ ಮುಗಿಯಬಹುದು. ಓಟ ತಿಳಿದವರು ಇನ್ನಷ್ಟು ಕಡಿಮೆಯಾಗುತ್ತಾರೆ. ಹಾಕದಿದ್ದರೆ ಮಣಿಪಾಲದ ಸ್ಕೂಟರ್‌ಗಳು ಹತ್ತು ಗಂಟೆಗೇ ಹೊರಡುತ್ತವೆ. ಸಮಿತಿಯವರು ಈ ಎರಡರ ನಡುವೆ ಸಿಕ್ಕಿಕೊಂಡಿದ್ದಾರೆ.

ಜೋಡುಕರೆಯ ಗದ್ದಲದಿಂದ ದೂರ, ಕುಂದಾಪುರ ಸೀಮೆಯ ವಂಡಾರಿನಂಥ ಹಳ್ಳಿಗಳಲ್ಲಿ ಸಾಂಪ್ರದಾಯಿಕ ಕಂಬಳ ಈಗಲೂ ಇದೆ. ಅಲ್ಲಿ ಜನ ಬರುವುದು ಮೊದಲು ಹರಕೆಗೆ, ಆಮೇಲೆ ಓಟಕ್ಕೆ. ಹರಕೆ ಹೊತ್ತವರು ಕೋಣಗಳನ್ನು ಸಿಂಗರಿಸಿ ತಂದು ಗದ್ದೆಗೆ ಇಳಿಸುತ್ತಾರೆ, ಓಡಿಸುತ್ತಾರೆ, ತೊಳೆಯಲು ಹೊಳೆಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ಲೇಸರ್ ಕಿರಣವೂ ಇಲ್ಲ, ಸೆಮಿಫೈನಲ್ ಕೂಡ ಇಲ್ಲ.